ಹಿರಿಯ ಗುರು ಯಾರು? ಎರಡು ಫುಟ್‌ಬಾಲ್ ನಗರಗಳ ನಡುವೆ ನಿಂತು

ಬೆಂಗಳೂರಿನಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳನ್ನು ಹಿಂದಿಕ್ಕಿ ಆಂಧ್ರದ ನೆಲವನ್ನು ಸೇರುವ ಎಡೆಯಲ್ಲಿ ಕೊಡಿಕೊಂಡವಿದೆ. ಲೇಪಾಕ್ಷಿಗೆ ಹೋಗುವ ಯಾತ್ರಿಕರಿಗೆ ಇದೊಂದು ತಿರುವು. ಲಾರಿ ಚಾಲಕರಿಗೆ ಇದೊಂದು ಚೆಕ್‌ಪೋಸ್ಟು. ಅದೇ ರಸ್ತೆಯನ್ನು ಬಿಡದೆ ಹಿಡಿದು ಅನಂತಪುರ, ಕರ್ನೂಲುಗಳ ಮೂಲಕ ಸಾಗಿದರೆ ಹೈದರಾಬಾದು ಸಿಗುತ್ತದೆ. ಕಲ್ಕತ್ತೆಯನ್ನು ಬದಿಗಿಟ್ಟು ನೋಡಿದರೆ, ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಭಾರತದ ಫುಟ್‌ಬಾಲಿಗೆ ಆಟಗಾರರನ್ನು ಧಾರಾಳವಾಗಿ ಕೊಟ್ಟ ಎರಡು ಊರುಗಳು ಈ ರಸ್ತೆಯ ಎರಡು ತುದಿಗಳಲ್ಲಿವೆ. ಗಡಿನಾಡಿನ ಕನ್ನಡಿಗರಾದ ನಾವು ನಡುವೆ ಇದ್ದೇವೆ. ನಮ್ಮಲ್ಲಿ ಬೆಂಗಳೂರಿನ ಕಡೆ ವಾಲುವವರೂ ಇದ್ದಾರೆ, ಹೈದರಾಬಾದಿನ ಹಳೆಯ ವೈಭವವನ್ನು ಕೊಂಡಾಡುವವರೂ ಇದ್ದಾರೆ. ಇವರು ಸೇರಿದಲ್ಲಿ ಏಳುವ ಚರ್ಚೆಗಳಲ್ಲಿ ಒಂದು ಹಳೆಯದು: ಆಟ ಕಲಿಸಿದವರಲ್ಲಿ ಎಲ್ಲರಿಗಿಂತ ಹಿರಿಯರು ಯಾರು?

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಚೆಂಡಾಟದ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಶಾಸನ, ದೇವಾಲಯ, ಪಾಳೆಯಗಾರರ ವಂಶಾವಳಿಗಳನ್ನು ಕುರಿತು ಇಲ್ಲಿ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಗುರುವಿನ ಹಿರಿಮೆಯನ್ನು ಯಾವುದರಿಂದ ಅಳೆಯಬೇಕು ಎಂಬುದು ಸಾಹಿತ್ಯಕ್ಕೂ ಚರಿತ್ರೆಗೂ ಸಮಾನವಾಗಿ ಸಂಬಂಧಿಸಿದ ಪ್ರಶ್ನೆ. ಆಟದ ಮೈದಾನದಲ್ಲಿ ಅದು ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೆ.

ಈ ಬಗೆಯ ಚರ್ಚೆಯನ್ನು ಒಂದು ಶಾಸ್ತ್ರದಂತೆಯೇ ಬೆಳೆಸಿದವರು ಅಮೆರಿಕದವರು. ಅವರ ಫುಟ್‌ಬಾಲು ಬೇರೆ. ಅದರಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಆದರೆ ಅಲ್ಲಿನ ಕಾಲೇಜು ತಂಡಗಳ ತರಬೇತುದಾರರನ್ನು ಕುರಿತ ವಾದ ನಮ್ಮ ವಾದವನ್ನು ಬೆಳಗಿಸುತ್ತದೆ. ಅಲಬಾಮಾ ವಿಶ್ವವಿದ್ಯಾಲಯದ ಬೇರ್ ಬ್ರಯಂಟರಿಗೆ ಆರು ರಾಷ್ಟ್ರೀಯ ಪ್ರಶಸ್ತಿಗಳು, 323 ಜಯಗಳು. 2024ರ ಜನವರಿಯಲ್ಲಿ ನಿವೃತ್ತರಾದ ನಿಕ್ ಸೇಬನ್ನರಿಗೆ ಏಳು ಪ್ರಶಸ್ತಿಗಳು. ಲೆಕ್ಕ ಇಷ್ಟೇ ಆಗಿದ್ದರೆ ವಾದ ಮುಗಿದಂತೆಯೇ. ಆದರೆ ಲೂಯಿಸಿಯಾನಾದ ಗ್ರ್ಯಾಂಬ್ಲಿಂಗ್ ಎಂಬ ಕರಿಯರ ಕಾಲೇಜಿನಲ್ಲಿ 1941ರಿಂದ 1997ರವರೆಗೆ ದುಡಿದ ಎಡ್ಡಿ ರಾಬಿನ್‌ಸನ್ನರ ಹೆಸರನ್ನು ಯಾರಾದರೂ ಎತ್ತಿದ ಕೂಡಲೇ ಲೆಕ್ಕದ ಪುಸ್ತಕ ಮುಚ್ಚಬೇಕಾಗುತ್ತದೆ. ಅವರ ಜಯಗಳು 408. ವರ್ಣಭೇದದ ಕಾಲದಲ್ಲಿ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಅವರ ಹುಡುಗರನ್ನು ಸೇರಿಸಿಕೊಳ್ಳಲೂ ಇಲ್ಲ, ಅವರ ತಂಡದೊಡನೆ ಆಡಲೂ ಇಲ್ಲ. ಎದುರಿಗೆ ನಿಲ್ಲಲು ಅವಕಾಶವನ್ನೇ ಕೊಡದಿದ್ದವರೊಡನೆ ಒಬ್ಬನನ್ನು ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ? ಪದಕಗಳ ಎಣಿಕೆ ಅರ್ಧ ಉತ್ತರವನ್ನು ಮಾತ್ರ ಕೊಡುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ರಸ್ತೆಗೆ ಮರಳೋಣ.

ಹೈದರಾಬಾದಿನ ಪಕ್ಷದವರಿಗೆ ಹೆಸರು ಹುಡುಕುವ ಕಷ್ಟವಿಲ್ಲ. ಅವರು ಸೈಯದ್ ಅಬ್ದುಲ್ ರಹೀಮ್ ಎನ್ನುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. 1909ರಲ್ಲಿ ಜನಿಸಿ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದು, ಕಾಚಿಗೂಡದ ಮಾಧ್ಯಮಿಕ ಶಾಲೆಯಲ್ಲಿಯೂ ಆಮೇಲೆ ಬೇರೆ ಶಾಲೆಗಳಲ್ಲಿಯೂ ಪಾಠ ಹೇಳಿ, ನಡುವೆ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡ ಮೇಷ್ಟ್ರು ಅವರು. 1943ರಲ್ಲಿ ಹೈದರಾಬಾದಿನ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಿಂದ ಹೈದರಾಬಾದು ಸಿಟಿ ಪೊಲೀಸ್ ತಂಡದ ತರಬೇತಿಯನ್ನು ವಹಿಸಿಕೊಂಡರು. ಆ ತಂಡ 1950ರಿಂದ 1954ರವರೆಗೆ ಐದು ವರ್ಷ ಒಂದೇ ಸಮನೆ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದುಕೊಂಡಿತು. ಹೈದರಾಬಾದು ರಾಜ್ಯದ ತಂಡ 1956-57 ಮತ್ತು 1957-58ರಲ್ಲಿ ಸಂತೋಷ್ ಟ್ರೋಫಿಯನ್ನು ತಂದಿತು. ಇವೆಲ್ಲ ಕಲ್ಕತ್ತೆಯ ದೊಡ್ಡ ಕ್ಲಬ್ಬುಗಳ ಪ್ರಾಬಲ್ಯದ ಕಾಲದಲ್ಲಿ ನಡೆದವು ಎಂಬುದನ್ನು ಮರೆಯಬಾರದು.

ರಾಷ್ಟ್ರೀಯ ತಂಡದೊಡನೆ ಅವರ ಕಥೆ ಗೆಲುವುಗಳ ಸಾಲಲ್ಲ, ಏರಿಳಿತದ ದಾರಿ. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನಿನ ಮೇಲೆ ಮೇವಾಲಾಲರ ಒಂದೇ ಗೋಲಿನಿಂದ ಚಿನ್ನ. ಮರುವರ್ಷ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದ ಎದುರು 1-10ರ ಸೋಲು. ಚಳಿಯ ನೆಲದಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು. ಆ ಸೋಲಿನ ಮೇಲೆಯೇ ಬೂಟು ಕಡ್ಡಾಯವಾದದ್ದು. ಇಂಥ ಸೋಲಿನ ಬಳಿಕ ತರಬೇತುದಾರನನ್ನು ಮನೆಗೆ ಕಳಿಸುವುದು ಇಂದಿನ ರೂಢಿ. ರಹೀಮರು ಉಳಿದರು. ಆಗ ಯುರೋಪನ್ನು ಬೆರಗುಗೊಳಿಸುತ್ತಿದ್ದ ಹಂಗೇರಿಯವರ ಆಟವನ್ನು ಅಭ್ಯಾಸ ಮಾಡಿದರು. ನಾಲ್ಕು ವರ್ಷಗಳ ಮೇಲೆ, 1956ರಲ್ಲಿ, ಮೆಲ್ಬರ್ನಿನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿ ಒಲಿಂಪಿಕ್ಸಿನ ಉಪಾಂತ್ಯಕ್ಕೇರಿದ ತಂಡ ಅವರದು. ನೆವಿಲ್ ಡಿಸೋಜಾ ಅಂದು ಮೂರು ಗೋಲು ಹೊಡೆದರು. ಇಲ್ಲಿ ಹೈದರಾಬಾದಿನ ಅಭಿಮಾನಿಗಳು ಹೇಳದೆ ಬಿಡುವ ಒಂದು ಸಂಗತಿಯೂ ಇದೆ. ಮೊದಲ ಸುತ್ತಿನಲ್ಲಿ ಎದುರಾಗಬೇಕಿದ್ದ ಹಂಗೇರಿ ಹಿಂದೆ ಸರಿದದ್ದರಿಂದ ಭಾರತ ಆಡದೆಯೇ ಮುಂದೆ ಹೋಗಿತ್ತು. ಉಪಾಂತ್ಯದಲ್ಲಿ ಯುಗೊಸ್ಲಾವಿಯದ ಎದುರು 1-4, ಕಂಚಿಗಾಗಿ ಬಲ್ಗೇರಿಯದ ಎದುರು 0-3 ಸೋಲು. ನಾಲ್ಕನೆಯ ಸ್ಥಾನ ದೊಡ್ಡದೇ ಸರಿ. ಆದರೆ ಅದು ಒಂದು ಪಂದ್ಯದ ಗೆಲುವಿನ ಫಲ ಎಂಬುದನ್ನೂ ಹೇಳಿದರೆ ಚರಿತ್ರೆಗೆ ನಷ್ಟವೇನಿಲ್ಲ.

ನನ್ನ ದೃಷ್ಟಿಯಲ್ಲಿ ರಹೀಮರ ನಿಜವಾದ ಪರೀಕ್ಷೆ 1962ರ ಜಕಾರ್ತಾ. ಇಸ್ರೇಲ್ ಮತ್ತು ತೈವಾನಿನವರಿಗೆ ಇಂಡೊನೇಷ್ಯ ಪ್ರವೇಶ ಕೊಡದಿದ್ದುದನ್ನು ಭಾರತದ ಜಿ.ಡಿ. ಸೋಂಧಿಯವರು ಖಂಡಿಸಿದ್ದರಿಂದ ಊರೇ ಭಾರತೀಯರ ಮೇಲೆ ಮುನಿದಿತ್ತು. ಮೊದಲ ಪಂದ್ಯದಲ್ಲಿಯೇ ದಕ್ಷಿಣ ಕೊರಿಯ 2-0ರಿಂದ ಸೋಲಿಸಿತು. ಥಾಯ್ಲೆಂಡಿನೊಡನೆ ಆಡುವಾಗ ರಕ್ಷಕ ಜರ್ನೈಲ್ ಸಿಂಗರ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಬೇಕಾಯಿತು. ಹೊಲಿಗೆ ಹಾಕಿದ ತಲೆಯ ರಕ್ಷಕನನ್ನು ಸಾಮಾನ್ಯ ತರಬೇತುದಾರ ಬೆಂಚಿನ ಮೇಲೆ ಕೂರಿಸುತ್ತಾನೆ. ರಹೀಮರು ಅವರನ್ನು ಉಪಾಂತ್ಯದಲ್ಲಿ ಮುಂದಕ್ಕೆ, ಗೋಲು ಹೊಡೆಯುವ ಸ್ಥಾನಕ್ಕೆ ಕಳಿಸಿದರು. ದಕ್ಷಿಣ ವಿಯಟ್ನಾಮಿನ ವಿರುದ್ಧ ಜರ್ನೈಲ್ ಗೋಲು ಹೊಡೆದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಅದೇ ಕೊರಿಯದ ವಿರುದ್ಧ ಮತ್ತೆ ಹೊಡೆದರು. ಇನ್ನೊಂದು ಗೋಲು ಪಿ.ಕೆ. ಬ್ಯಾನರ್ಜಿಯವರದು. ಜ್ವರದಿಂದ ಎದ್ದ ಪೀಟರ್ ತಂಗರಾಜರನ್ನು ಅಂದು ಮತ್ತೆ ಗೋಲಿನಲ್ಲಿ ನಿಲ್ಲಿಸಿದ್ದೂ ರಹೀಮರ ತೀರ್ಮಾನವೇ. 2-1ರ ಜಯ, ಚಿನ್ನ. ಒಂಬತ್ತು ತಿಂಗಳಲ್ಲಿ, 1963ರ ಜೂನ್ 11ರಂದು, ಶ್ವಾಸಕೋಶದ ಕ್ಯಾನ್ಸರಿನಿಂದ ಅವರು ತೀರಿಕೊಂಡರು. ಆ ಬಳಿಕ ಭಾರತಕ್ಕೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ದೊರೆತಿಲ್ಲ. ಒಲಿಂಪಿಕ್ಸ್ ಫುಟ್‌ಬಾಲಿಗೆ ಭಾರತ ಹೋದದ್ದೂ ಅವರ ಜೊತೆಯಲ್ಲಿಯೇ ಕಡೆ, 1960ರಲ್ಲಿ ರೋಮಿಗೆ.

ಆದರೆ ಪದಕಗಳಿಂದ ಮಾತ್ರ ರಹೀಮರನ್ನು ಹಿರಿಯರೆಂದು ನಾನು ಒಪ್ಪುವುದಿಲ್ಲ. ಅವರ ಕಲಿಸುವ ಕ್ರಮ ನೋಡಬೇಕು. ಚೆಂಡನ್ನು ಕಾಲಲ್ಲಿಯೇ ಆಡಿಸುತ್ತ ತಾನೊಬ್ಬನೇ ನುಗ್ಗುವುದನ್ನು ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ಏರ್ಪಡಿಸುತ್ತಿದ್ದರು. ದುರ್ಬಲ ಕಾಲಿನಿಂದ ಮಾತ್ರ ಒದೆಯಬೇಕು ಎಂಬ ಕಟ್ಟಳೆಯ ಪಂದ್ಯಾವಳಿಗಳನ್ನೂ ನಡೆಸುತ್ತಿದ್ದರು. ಇದು ಶಾಲಾ ಮೇಷ್ಟ್ರ ಬುದ್ಧಿ. ಕಾಗುಣಿತ ತಪ್ಪುವ ಹುಡುಗನಿಗೆ ಬೈದು ಫಲವಿಲ್ಲ, ತಪ್ಪುವ ಅಕ್ಷರವನ್ನೇ ನೂರು ಸಲ ಬರೆಸಬೇಕು ಎಂದು ಬಲ್ಲವನ ಬುದ್ಧಿ. ಸಿಕಂದರಾಬಾದಿನ ಬಡ ಮನೆಯ ತುಳಸೀದಾಸ್ ಬಲರಾಂ ಎಂಬ ಹುಡುಗ ಹೈದರಾಬಾದಿಗೆ ಅಭ್ಯಾಸಕ್ಕೆ ಬರಲು ಹಣವಿಲ್ಲ ಎಂದಾಗ, ಬಾಡಿಗೆ ಸೈಕಲ್ಲಿನ ದುಡ್ಡನ್ನು ರಹೀಮರೇ ಕೊಟ್ಟರೆಂದು ಬಲರಾಂ ಮುಂದೆ ನೆನಪಿಸಿಕೊಂಡಿದ್ದಾರೆ. ಆ ಹುಡುಗ ಮೆಲ್ಬರ್ನ್, ರೋಮ್, ಜಕಾರ್ತಾ ಮೂರನ್ನೂ ಕಂಡ. ರೋಮಿನಲ್ಲಿ ಹಂಗೇರಿಯ ಮೇಲೂ ಪೆರುವಿನ ಮೇಲೂ ಗೋಲು ಹೊಡೆದ.

ಈಗ ಬೆಂಗಳೂರಿನ ಪಕ್ಷದವರ ಮಾತು. ಅವರ ಪಟ್ಟಿಯೂ ಸಣ್ಣದಲ್ಲ, ಆದರೆ ಅದರ ಸ್ವರೂಪ ಬೇರೆ. ಬ್ರಿಟಿಷ್ ರೆಜಿಮೆಂಟುಗಳೇ ಮೆರೆಯುತ್ತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಗೆದ್ದಿತು, ಮರುವರ್ಷವೂ ಗೆದ್ದಿತು, 1948ರಲ್ಲಿ ಮತ್ತೊಮ್ಮೆ. ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಪಡೆಯಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಹೆಲ್ಸಿಂಕಿಯ ಆ ಹತ್ತು ಗೋಲುಗಳಿಗೆ ಉತ್ತರವಾಗಿ ನಮ್ಮ ಕಡೆಯಿಂದ ಬಂದ ಒಂದೇ ಒಂದು ಗೋಲು ಬೆಂಗಳೂರಿನ ಅಹಮದ್ ಖಾನರದು. ಕಲ್ಕತ್ತೆಯ ಈಸ್ಟ್ ಬೆಂಗಾಲಿನಲ್ಲಿ ‘ಪಂಚ ಪಾಂಡವ’ರೆಂದು ಹೆಸರಾದ ಐವರು ಮುಂಪಡೆಯವರಲ್ಲಿ ಅವರೊಬ್ಬರು. ಮೆಲ್ಬರ್ನ್ ಮತ್ತು ರೋಮ್ ಎರಡಕ್ಕೂ ಹೋದ ಮೈಸೂರಿನ ಕೆಂಪಯ್ಯ, ಜಕಾರ್ತಾದ ಚಿನ್ನದ ತಂಡದಲ್ಲಿದ್ದ ಅರುಮೈನಾಯಗಂ, ಇವರೂ ಈ ತುದಿಯವರೇ.

ಗಮನಿಸಿದರೆ ರಹೀಮರ ದೊಡ್ಡ ದಿನಗಳಲ್ಲೆಲ್ಲ ಬೆಂಗಳೂರಿನ ಒಬ್ಬರಾದರೂ ಇದ್ದಾರೆ. ಗುರು ಅಲ್ಲಿಂದ, ಶಿಷ್ಯ ಇಲ್ಲಿಂದ. ಆದರೆ ಅಹಮದ್ ಖಾನರಿಗೆ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಓಡುವುದನ್ನು ಮೊದಲು ಕಲಿಸಿದವರು ಯಾರು? ಕೆಂಪಯ್ಯನವರನ್ನು ಹುಡುಗನಾಗಿದ್ದಾಗ ಗುರುತಿಸಿದ ಕಣ್ಣು ಯಾವುದು? ಬೆಂಗಳೂರಿನ ಪಟ್ಟಿಯಲ್ಲಿ ಆಟಗಾರರ ಹೆಸರುಗಳು ಧಾರಾಳವಾಗಿವೆ, ಗುರುವಿನ ಹೆಸರಿನ ಜಾಗ ಖಾಲಿಯಿದೆ. ದಂಡಿನ ಪ್ರದೇಶದಲ್ಲಿ ಸಿಪಾಯಿಗಳ ಪಂದ್ಯ ನೋಡುತ್ತ, ಗೌತಮಪುರದಂಥ ಬಡಾವಣೆಗಳ ಗಲ್ಲಿಗಳಲ್ಲಿ ಬರಿಗಾಲಿನಲ್ಲಿ ಆಡುತ್ತ ಕಲಿತ ಹುಡುಗರು ಇವರು ಎಂದು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಗಲ್ಲಿ ತಾನಾಗಿ ಕಲಿಸುವುದಿಲ್ಲ. ಗಲ್ಲಿಯಲ್ಲಿ ಸಂಜೆಯ ಹೊತ್ತು ಸೀಟಿ ಹಿಡಿದು ನಿಲ್ಲುವವನೊಬ್ಬ ಇರುತ್ತಾನೆ. ಕಾರ್ಖಾನೆಯ ಪಾಳಿ ಮುಗಿಸಿ ಬಂದವನೋ, ಪಿಂಚಣಿಯ ಸಿಪಾಯಿಯೋ, ಶಾಲೆಯ ಡ್ರಿಲ್ ಮಾಸ್ತರೋ. ಅದೇ ಗೌತಮಪುರದಲ್ಲಿ ಇಂದು ಬ್ರೆಜಿಲಿನ ಪೆಲೆಯ ಪ್ರತಿಮೆ ಇದೆ. ಅಲ್ಲಿ ಸೀಟಿ ಹಿಡಿದವರಿಗೆ ಪ್ರತಿಮೆ ಬೇಡ, ಒಂದು ಪಟ್ಟಿಯಾದರೂ ಇದ್ದರೆ ಚೆನ್ನಾಗಿತ್ತು.

ಇದು ಬೆಂಗಳೂರಿನದೊಂದೇ ಕೊರತೆಯಲ್ಲ. ಪ್ರಸಿದ್ಧರ ನೆರಳಿನಲ್ಲಿಯೂ ಹೆಸರು ಮಸುಕಾಗುತ್ತದೆ. 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಕಂಚನ್ನು ನೆನೆಯುವಾಗ ಪಿ.ಕೆ. ಬ್ಯಾನರ್ಜಿಯವರ ಹೆಸರು ಬರುತ್ತದೆ. ಅವರೊಡನೆ ತರಬೇತಿ ಕೊಟ್ಟ ಜಿ.ಎಂ.ಎಚ್. ಬಾಷಾ ಅವರ ಹೆಸರನ್ನು ಹೇಳುವವರು ಕಡಿಮೆ.

ಬ್ಯಾನರ್ಜಿಯವರ ಹೆಸರು ಬಂದ ಮೇಲೆ ಕಲ್ಕತ್ತೆಯ ಹಕ್ಕನ್ನೂ ವಿಚಾರಿಸದೆ ತೀರದು. ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ಎರಡನ್ನೂ ಗೆಲ್ಲಿಸಿದವರು ಅವರು. 1977ರಲ್ಲಿ ಈಡನ್ ಗಾರ್ಡನ್ಸಿನಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸನ್ನು 2-2ರಲ್ಲಿ ತಡೆದ ಮೋಹನ್ ಬಾಗಾನಿನ ಗುರುವೂ ಅವರೇ. ಅವರ ಎದುರಾಳಿ ಅಮಲ್ ದತ್ತರು ಸ್ವಂತ ಖರ್ಚಿನಲ್ಲಿ ಇಂಗ್ಲೆಂಡಿಗೆ ಹೋಗಿ ತರಬೇತಿಯ ವಿದ್ಯೆ ಕಲಿತು ಬಂದವರು. ಊರೂರಿಗೆ ಪ್ರೊಜೆಕ್ಟರ್ ಹೊತ್ತು ಆಟದ ಚಿತ್ರಗಳನ್ನು ತೋರಿಸಿದವರು. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಇಬ್ಬರೂ ಮುಖಾಮುಖಿಯಾದಾಗ 1,31,781 ಜನ ನೆರೆದಿದ್ದರು. ಬ್ಯಾನರ್ಜಿಯವರ ಈಸ್ಟ್ ಬೆಂಗಾಲ್ ದತ್ತರ ಮೋಹನ್ ಬಾಗಾನನ್ನು 4-1ರಿಂದ ಸೋಲಿಸಿತು. ಇಬ್ಬರು ಗುರುಗಳ ವಾದವನ್ನು ಕೇಳಲು ಅಷ್ಟು ಜನ ಸೇರಿದ್ದು ನಮ್ಮ ಯಾವ ಸಾಹಿತ್ಯ ಸಭೆಗೂ ಅಸೂಯೆ ತರಿಸುವಂಥದು! ದತ್ತರ ಸಾಹಸ ನನಗೆ ಹೆಚ್ಚು ಪ್ರಿಯ, ಬ್ಯಾನರ್ಜಿಯವರ ಗೆಲುವುಗಳು ಹೆಚ್ಚು. ಆದರೆ ಇಬ್ಬರ ಕೈಗೂ ಬಂದವರು ಬಹುಪಾಲು ಬೇರೆಡೆ ಪಳಗಿ, ದೊಡ್ಡ ಕ್ಲಬ್ಬಿನ ಆಮಿಷಕ್ಕೆ ಒಲಿದು ಬಂದ ಆಟಗಾರರು. ರಹೀಮರ ಪೊಲೀಸ್ ತಂಡಕ್ಕೆ ಬಂದವರು ಊರಿನ ಹುಡುಗರು. ಮಡಕೆಯನ್ನು ಆರಿಸಿ ಕೊಳ್ಳುವವನಿಗೂ ಮಣ್ಣು ಕಲಸುವವನಿಗೂ ವ್ಯತ್ಯಾಸವಿದೆ.

ಹಾಗಾದರೆ ರಹೀಮರೇ ಹಿರಿಯರೆಂದು ತೀರ್ಪು ಕೊಟ್ಟು ಮುಗಿಸಬಹುದೇ? ಬೆಂಗಳೂರಿನವರು ಎತ್ತುವ ಒಂದು ಗಟ್ಟಿ ಆಕ್ಷೇಪವಿದೆ. ಅದಕ್ಕೆ ಉತ್ತರ ಹೇಳದೆ ತೀರ್ಪು ನಿಲ್ಲದು. ಗುರು ಅಷ್ಟು ದೊಡ್ಡವನಾಗಿದ್ದರೆ ಅವನ ಊರಿನ ಆಟ ಅವನೊಡನೆಯೇ ಸೊರಗಿದ್ದೇಕೆ? 1965-66ರಲ್ಲಿ ಆಂಧ್ರಪ್ರದೇಶ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅದು ರಹೀಮರ ಕಾಲದ ಕೊನೆಯ ಬೆಳಕು. ಒಂದು ಒಲಿಂಪಿಕ್ ತಂಡಕ್ಕೆ ಹಲವರನ್ನು ಕಳಿಸುತ್ತಿದ್ದ ನಗರ ಮುಂದಿನ ದಶಕಗಳಲ್ಲಿ ರಾಷ್ಟ್ರೀಯ ತಂಡಕ್ಕೆ ಒಬ್ಬರನ್ನು ಕಳಿಸುವುದೂ ಅಪರೂಪವಾಯಿತು. ತನ್ನ ಬಳಿಕವೂ ನಿಲ್ಲುವ ಏರ್ಪಾಟನ್ನು ಕಟ್ಟದವನನ್ನು ಶ್ರೇಷ್ಠ ಗುರು ಎನ್ನಬಹುದೇ ಎಂಬುದು ಪ್ರಶ್ನೆ.

ಇದರಲ್ಲಿ ಸತ್ಯಾಂಶವಿದೆ. ಸಂಸ್ಥೆಯ ಕಾರ್ಯದರ್ಶಿ, ಪೊಲೀಸ್ ತಂಡದ ತರಬೇತುದಾರ, ರಾಷ್ಟ್ರೀಯ ತಂಡದ ತರಬೇತುದಾರ, ಈ ಮೂರು ಹೊರೆಗಳನ್ನು ಒಬ್ಬರೇ ಹೊತ್ತರು. ಹೊರುವವನು ಕುಸಿದಾಗ ಮೂರೂ ಒಟ್ಟಿಗೆ ಬಿದ್ದವು. ಆದರೆ ದೋಷವನ್ನೆಲ್ಲ ಅವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಆ ಕಾಲದ ಆಟಗಾರನಿಗೆ ಅನ್ನ ಕೊಡುತ್ತಿದ್ದುದು ಪೊಲೀಸು, ರೈಲ್ವೆ, ಸೈನ್ಯ, ಸಾರ್ವಜನಿಕ ಕಾರ್ಖಾನೆಗಳ ಹುದ್ದೆ. ಆ ಹುದ್ದೆಗಳು ಬತ್ತಿದರೆ ಎಂಥ ಗುರುವಿದ್ದರೂ ಹುಡುಗರು ಮೈದಾನ ಬಿಟ್ಟು ಬೇರೆ ದುಡಿಮೆ ಹುಡುಕುತ್ತಾರೆ. ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ತಂಡಗಳು ಇದ್ದಷ್ಟು ಕಾಲ ಅಲ್ಲಿನ ಆಟ ಉಸಿರಾಡುತ್ತಿತ್ತು. ಅವು ಸೊರಗಿದಾಗ ಅಲ್ಲಿಯೂ ಆದದ್ದು ಇದೇ. 1968-69ರ ಬಳಿಕ ಸಂತೋಷ್ ಟ್ರೋಫಿಗಾಗಿ ಆ ರಾಜ್ಯ 54 ವರ್ಷ ಕಾಯಬೇಕಾಯಿತು. ಸೊರಗುವುದರಲ್ಲಿ ಎರಡು ತುದಿಗಳೂ ಸಮನೇ. ಒಂದು ತುದಿಗೆ ಹೇಳಿಕೊಳ್ಳಲು ಒಂದು ಹೆಸರಿದೆ ಎಂಬುದಷ್ಟೇ ಭೇದ.

ಇನ್ನು ರಹೀಮರು ಏನನ್ನೂ ಉಳಿಸಿಹೋಗಲಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಅವರು ಉಳಿಸಿದ್ದು ಸಂಸ್ಥೆಯನ್ನಲ್ಲ, ಕಲಿಸಬಲ್ಲವರನ್ನು. ಪಿ.ಕೆ. ಬ್ಯಾನರ್ಜಿ ಅವರ ತಂಡಗಳಲ್ಲಿ ಆಡಿ ಬೆಳೆದವರು. ಫುಟ್‌ಬಾಲ್ ತರಬೇತಿಗಾಗಿ ಮೊದಲ ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಸೈಯದ್ ನಯೀಮುದ್ದೀನ್ ರಹೀಮರ ಹೈದರಾಬಾದಿನ ಕೂಸು. ಬಲರಾಂ ಕೂಡ ಕಲ್ಕತ್ತೆಯಲ್ಲಿ ಹುಡುಗರಿಗೆ ಆಟ ಕಲಿಸಿದರು. ರೋಮಿಗೆ ಹೋದ ತಂಡದಲ್ಲಿದ್ದ ಅವರ ಮಗ ಎಸ್.ಎಸ್. ಹಕೀಮರು ವಾಯುಪಡೆಯ ಅಧಿಕಾರಿಯಾಗಿ, ಅಂತರರಾಷ್ಟ್ರೀಯ ರೆಫ್ರಿಯಾಗಿ, ತರಬೇತುದಾರರಾಗಿ ದೀರ್ಘಕಾಲ ದುಡಿದರು. 2021ರ ಆಗಸ್ಟಿನಲ್ಲಿ ಹಕೀಮರು ಕೊನೆಯುಸಿರೆಳೆದದ್ದು ಕಲಬುರಗಿಯಲ್ಲಿ. 1956ರವರೆಗೆ ಅದು ಹೈದರಾಬಾದು ರಾಜ್ಯದ ಕನ್ನಡ ಜಿಲ್ಲೆ, ಈಗ ಕರ್ನಾಟಕದ್ದು. ರಾಜ್ಯಗಳ ಗಡಿಗಳು ಸರಿದದ್ದನ್ನು ಗಡಿಯ ಮೇಲಿರುವ ನಮಗಿಂತ ಚೆನ್ನಾಗಿ ಬಲ್ಲವರಾರು? ನಮ್ಮ ಅನಂತಪುರವೇ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಜಿಲ್ಲೆ. 1953ರವರೆಗೆ ನಾವು ಮದರಾಸಿನವರು. ಹೈದರಾಬಾದಿನ ವೈಭವದ ಆ ದಿನಗಳಲ್ಲಿ ನಾವು ಆ ರಾಜ್ಯದವರೂ ಅಲ್ಲ, ಮೈಸೂರಿನವರೂ ಅಲ್ಲ. ಎರಡೂ ಗೆಲುವುಗಳನ್ನು ದೂರದಿಂದ ಕೇಳಿದವರು.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಭಾರತದ ಫುಟ್‌ಬಾಲ್ ಗುರುಗಳಲ್ಲಿ ರಹೀಮರೇ ಹಿರಿಯರು. ಎರಡು ಚಿನ್ನಗಳಿಗಿಂತಲೂ ಹೆಚ್ಚಾಗಿ, ಹೆಲ್ಸಿಂಕಿಯಿಂದ ಮೆಲ್ಬರ್ನಿಗೆ ನಡೆದ ನಾಲ್ಕು ವರ್ಷಗಳಿಗಾಗಿ, ದುರ್ಬಲ ಕಾಲಿನ ಪಂದ್ಯಾವಳಿಗಳಿಗಾಗಿ, ಬಾಡಿಗೆ ಸೈಕಲ್ಲಿಗಾಗಿ. ಆದರೆ ಬೆಂಗಳೂರಿನ ಖಾಲಿ ಜಾಗವನ್ನು ಸೋಲೆಂದು ಭಾವಿಸುವುದಕ್ಕೆ ನಾನು ಸಿದ್ಧನಿಲ್ಲ. ಅಲ್ಲಿದ್ದವರು ರಾಬಿನ್‌ಸನ್ನರಂತೆ ಲೆಕ್ಕಕ್ಕೆ ಸಿಗದವರು. ಅವರಿಗೂ ರಾಬಿನ್‌ಸನ್ನರಿಗೂ ಇರುವ ಭೇದವೆಂದರೆ, ಇವರ ಜಯಗಳನ್ನು ಯಾರೂ ಬರೆದಿಡಲೇ ಇಲ್ಲ.

ಇತ್ತೀಚಿನ ಕಥೆಯಲ್ಲಿ ಒಂದು ವಿನೋದವಿದೆ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರ ಕೈಯಲ್ಲಿ. 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ಬಾದದ್ದು ಆಲ್ಬರ್ಟ್ ರೋಕಾ ಅವರ ಕೈಯಲ್ಲಿ, 2018-19ರ ಐ.ಎಸ್.ಎಲ್. ಗೆದ್ದದ್ದು ಕಾರ್ಲೆಸ್ ಕ್ವಾದ್ರಾತ್ ಅವರ ಕೈಯಲ್ಲಿ. ಕೊನೆಯ ಇಬ್ಬರೂ ಸ್ಪೇನಿನ ಬಾರ್ಸಿಲೋನಾ ಸೀಮೆಯವರು. ಅದೇ ಬಾರ್ಸಿಲೋನಾದಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1969ರಲ್ಲಿ ನಮ್ಮ ಅನಂತಪುರಕ್ಕೆ ಬಂದು ಗ್ರಾಮೀಣಾಭಿವೃದ್ಧಿಯ ಟ್ರಸ್ಟನ್ನು ಕಟ್ಟಿದರು. ಆ ಟ್ರಸ್ಟಿನ ಕ್ರೀಡಾ ಅಕಾಡೆಮಿಯಲ್ಲಿ ಈಗ ಬರಗಾಲದ ಹಳ್ಳಿಗಳ ಹುಡುಗರು ಮಾತ್ರವಲ್ಲ, ಹುಡುಗಿಯರೂ ಫುಟ್‌ಬಾಲ್ ಕಲಿಯುತ್ತಿದ್ದಾರೆ. ಹಾಗಾಗಿ ಬೆಂಗಳೂರಿನಲ್ಲಿಯೂ ಅನಂತಪುರದಲ್ಲಿಯೂ ಇಂದಿನ ಆಟದ ಹಿಂದೆ ಒಂದೇ ದೂರದ ಸೀಮೆಯ ಕೈಯಿದೆ. ಹಿಂದೂಪುರ, ಮಡಕಶಿರ, ರಾಯದುರ್ಗ, ಕಲ್ಯಾಣದುರ್ಗಗಳ ಶಾಲೆಗಳಲ್ಲಿ ಸೀಟಿ ಹಿಡಿದು ನಿಂತ ದೈಹಿಕ ಶಿಕ್ಷಣದ ಮೇಷ್ಟ್ರುಗಳ ಹೆಸರುಗಳು ಯಾವ ಪುಸ್ತಕದಲ್ಲಿಯೂ ಇಲ್ಲ. ಅವರ ಶಿಷ್ಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಂದಿನ ಸಂಚಿಕೆಗೆ ಯಾರಾದರೂ ಅವರನ್ನು ಕೇಳಿ ಬರೆದರೆ ಸಂಪಾದಕರು ಬೇಡವೆನ್ನಲಾರರು ಎಂದು ನಂಬಿದ್ದೇನೆ.

ರಹೀಮರ ಶಿಷ್ಯ ಬಲರಾಂ 2023ರ ಫೆಬ್ರವರಿ 16ರಂದು ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದಾಗಿ ಹದಿನಾರನೆಯ ದಿನ, ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಆ ತಂಡಕ್ಕೆ ಆಟ ಕಲಿಸಿದವರು ರವಿ ಬಾಬು ರಾಜು.